ಅಡುಗೆಮನೆಯ ನಳ, ಅವ್ವನ ಪಾತ್ರೆಗಳು

ಜನವರಿ ೧೮, ಶನಿವಾರ, ಸಂಜೆ ೬.೧೦. ಎಟೋಬಿಕೋಕ್‌ನ ನಮ್ಮ ಹಳೆಯ ಬಾಡಿಗೆ ಮನೆ. ಹೊರಗೆ ಮೈನಸ್ ಹತ್ತೊಂಬತ್ತು. ಮರುದಿನ ಮಧ್ಯಾಹ್ನ ಬಸುರಿ ಅಕ್ಕನ ಕುಬುಸ, ಅಂದರೆ ಸೀಮಂತ. ಊಟಕ್ಕೆ ಇಪ್ಪತ್ತೈದು ಜನ, ಹೋಳಿಗೆ ಮನೆಯಲ್ಲೇ.

ನನಗೆ ಅಡುಗೆಮನೆಯ ನಳದ್ದೇ ಚಿಂತೆ. ಅದರ ಪೈಪು ಉತ್ತರದ ಹೊರಗೋಡೆಯೊಳಗೆ ಹಾದು ಬರುತ್ತದೆ. ಹೋದ ಚಳಿಗಾಲದಲ್ಲಿ ಎರಡು ಸಲ ಹೆಪ್ಪುಗಟ್ಟಿತ್ತು. ಬಚ್ಚಲಲ್ಲಿ ನೀರು ಬರುತ್ತಿದ್ದುದರಿಂದ ನಾನೂ ಅಕ್ಕನೂ ಹೇಗೋ ನಿಭಾಯಿಸಿದ್ದೆವು. ಆದರೆ ಈ ಸಲ ಹುಬ್ಬಳ್ಳಿಯಿಂದ ಅವ್ವ ಬಂದಿದ್ದಳು. ಬಚ್ಚಲ ನೀರನ್ನು ಅವಳು ಒಲೆಯ ಹತ್ತಿರಕ್ಕೂ ಬಿಟ್ಟುಕೊಳ್ಳುವುದಿಲ್ಲ.

ಮನೆಯ ಬಿಸಿ ಪೈಪಿಗೆ ತಾಗಲೆಂದು ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಟ್ಟೆ. ನಳವನ್ನು ದಾರದಷ್ಟು ಸಣ್ಣಗೆ ಬಿಟ್ಟೆ. ಹರಿಯುವ ನೀರು ಬೇಗ ಹೆಪ್ಪುಗಟ್ಟುವುದಿಲ್ಲ. ೬.೪೦ಕ್ಕೆ ನೋಡಿದರೆ ಎರಡೂ ಬಂದ್. ಮತ್ತೆ ತೆರೆದೆ. ೭.೧೫ಕ್ಕೆ ಮತ್ತೆ ಬಂದ್.

“ಅವ್ವಾ, ನಳಾ ಯಾಕ ಬಂದ್ ಮಾಡಿದಿ?”

“ನೀನ ಬಿಟ್ಟಿದ್ದೇನು? ಮರತು ಹೋಗೀದಿ ಅಂದ್ಕೊಂಡೆ. ಸುಮ್ಮನ ಹರದು ಹೋಗಾಕತ್ತಿತ್ತು, ಹೊಟ್ಟಿ ಉರೀತು ನನಗ.”

“ಬಿಡದಿದ್ರ ಪೈಪಿನ್ಯಾಗ ಐಸ್ ಆಗ್ತೈತಿ. ಒಡದ್ರೂ ಒಡೀತೈತಿ.”

“ಮತ್ತ ಕಪಾಟು? ಬಂದ ಮಂದಿಗೆ ಮೊದಲ ಕಸದ ಡಬ್ಬೀ ದರ್ಶನ ಮಾಡಸ್ತೀಯೇನು?”

“ಮಂದಿ ಬರೂದು ನಾಳೆ!”

ಸೋಫಾದಲ್ಲಿ ಕಾಲು ಚಾಚಿ ಕೂತಿದ್ದ ಅಕ್ಕ ನಕ್ಕಳು. “ಒಂದು ನೈಟ್ ಅಡ್ಜಸ್ಟ್ ಮಾಡ್ಕೋ ಅವ್ವಾ. ಇಲ್ಲಾಂದ್ರ ನಾಳೆ ಹೋಳಿಗಿ ಬದ್ಲಿ ಪಿಜ್ಜಾ ಆರ್ಡರ್ ಮಾಡಬೇಕಾಗ್ತೈತಿ.”

ಹುಬ್ಬಳ್ಳಿಯ ನಮ್ಮ ಓಣಿಗೆ ನೀರು ಬರುತ್ತಿದ್ದದ್ದು ವಾರಕ್ಕೊಮ್ಮೆ. ಬಂದ ದಿನ ಅವ್ವ ಲೋಟವನ್ನೂ ಬಿಡದೆ ತುಂಬಿಸುತ್ತಿದ್ದಳು. ಅಂಥವಳ ಕಣ್ಣೆದುರು ನೀರು ಸುಮ್ಮನೆ ಹರಿಯಬೇಕೆಂದರೆ ಹೇಗೆ? ಕೊನೆಗೆ ಒಪ್ಪಂದವಾಯಿತು: ನಳ ಹರಿಯಲಿ, ಕೆಳಗೊಂದು ಪಾತ್ರೆ ಇರಲಿ. ನಾನು ಮಲಗಲು ಹೊರಟಾಗ ಪಾತೇಲಿ ತುಂಬುತ್ತಿತ್ತು. ಅವ್ವ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದಳು.

ಭಾನುವಾರ ಬೆಳಿಗ್ಗೆ ೬.೩೦. ನಳ ಬಂದ್ ಆಗಿತ್ತು. ತಿರುಗಿಸಿದೆ. ಒಂದು ಹನಿಯೂ ಬೀಳಲಿಲ್ಲ.

“ಅವ್ವಾ!”

“ಪಾತ್ರೆ ಎಲ್ಲಾ ತುಂಬಿದ್ವು. ಇನ್ನೆಲ್ಲಿ ಹಿಡೀಲಿ?”

ಆಗ ಸುತ್ತ ನೋಡಿದೆ. ಕುಕ್ಕರು, ಕಡಾಯಿ, ಅನ್ನದ ಡಬರಿ, ಹಾಲಿನ ಜಗ್ಗು, ಅಕ್ಕನ ಕಾಫಿ ಮಗ್ಗುಗಳು. ಒಂದೊಂದರ ಮೇಲೂ ಒಂದೊಂದು ತಟ್ಟೆ ಮುಚ್ಚಿತ್ತು. ಎಣಿಸಿದೆ, ಮೂವತ್ತೊಂದು. ಸಿಟ್ಟು ಬರಬೇಕಿತ್ತು, ಬರಲಿಲ್ಲ.

“ಹೂರಣಕ್ಕ ಸಾಕು, ಸಾರಿಗೂ ಸಾಕು,” ಅವ್ವ ಬೇಳೆ ತೊಳೆಯುತ್ತ ಹೇಳಿದಳು. “ಮಂದಿಗೆ ಕುಡ್ಯಾಕೂ ಐತಿ. ನೀ ನಿನ್ನ ಪೈಪ್ ನೋಡ್ಕೋ ಹೋಗು.”

ನಳ ತೆರೆದಿಟ್ಟು, ಕಪಾಟಿನ ಮುಂದೆ ನೆಲದ ಮೇಲೆ ಕೂತು ಹೇರ್ ಡ್ರೈಯರ್ ಹಿಡಿದೆ. ನನ್ನ ಬೆನ್ನ ಹಿಂದೆ ಬೇಳೆ ಕುದಿಯುತ್ತಿತ್ತು. ೯.೨೦ಕ್ಕೆ ನಳ ಎರಡು ಸಲ ಕೆಮ್ಮಿ ಹರಿಯಿತು. ಪೈಪು ಒಡೆದಿರಲಿಲ್ಲ. ಅವ್ವ ಆಗಷ್ಟೇ ಖಾಲಿಯಾದ ಪಾತೇಲಿಯನ್ನು ತಂದು ಅದರ ಕೆಳಗಿಟ್ಟಳು.

ಅವ್ವ ಮಾರ್ಚಿನವರೆಗೂ ಇಲ್ಲೇ ಇರುತ್ತಾಳೆ. ನೀರು ಹರಿಯಬಿಡದೆ ಗೋಡೆಯೊಳಗಿನ ಪೈಪನ್ನು ಕಾಪಾಡುವ ಉಪಾಯ ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಕಪಾಟಿನ ಬಾಗಿಲು ಮುಚ್ಚಿರಬೇಕು.