ಕೆಂಚನ ಮುಂಗಾಲು, ಯಜಮಾನರ ಮುಖ

ಗುಂಡ್ಲುಪೇಟೆಯ ತರಕಾರಿ ಮಂಡಿಗೆ ಗುಮಾಸ್ತನಾಗಿ ಸೇರಿದ ಹೊಸದರಲ್ಲಿ, ಈರುಳ್ಳಿ ಬೆಲೆ ಇಳಿಯುವುದು ನಾಯಿಗೆ ಮೊದಲೇ ಗೊತ್ತಾಗುತ್ತದೆ ಎಂದು ನಾನು ನಂಬಿದ್ದೆ. ನಾನು ಬಿ.ಕಾಂ. ಪಾಸಾದವನು. ಹಾಗಾಗಿ ಸುಮ್ಮನೆ ನಂಬಲಿಲ್ಲ, ಪುರಾವೆ ಇಟ್ಟುಕೊಂಡು ನಂಬಿದೆ. ನಮ್ಮ ಯಜಮಾನರ ನಾಯಿ ಕೆಂಚ ತಕ್ಕಡಿಯ ಪಕ್ಕ ಮಲಗಿ ಮುಂಗಾಲು ನೆಕ್ಕಲು ಶುರುಮಾಡಿತೆಂದರೆ ಸಂಜೆಯೊಳಗೆ ಬೆಲೆ ಕುಸಿಯುತ್ತಿತ್ತು. ಕಾಲು ಚಾಚಿ ಗೊರಕೆ ಹೊಡೆದರೆ ಏರುತ್ತಿತ್ತು. ಒಂದು ವಾರ ಅದು ಬಿಡದೆ ಗೊರಕೆ ಹೊಡೆಯಿತು. ನಾನು ಆ ತಿಂಗಳ ಸಂಬಳವನ್ನೆಲ್ಲ ಈರುಳ್ಳಿ ಮಾಡಿಕೊಂಡು, ಬಾಡಿಗೆ ರೂಮಿನ ಮಂಚದ ಕೆಳಗೆ ತುಂಬಿ, ಶ್ರೀಮಂತನಾಗಲು ಕಾದೆ. ಮೊಳಕೆ ಬಂತು, ಬೆಲೆ ಬರಲಿಲ್ಲ. ತಿಂಗಳಿಡೀ ಬೆಳಿಗ್ಗೆ ಈರುಳ್ಳಿ ಸಾರು, ರಾತ್ರಿ ಈರುಳ್ಳಿ ಗೊಜ್ಜು. ಎದುರಿನ ಗೋಣಿಚೀಲದ ಅಂಗಡಿಯ ಸೊಹೈಲ್ ನನ್ನನ್ನು ಕಂಡರೆ, "ದೂರ ನಿಂತ್ಕಂಡು ಮಾತಾಡ್ಲಾ, ಕಣ್ಣು ಉರೀತದೆ" ಎನ್ನುತ್ತಿದ್ದ.

ನಾಯಿಗೆ ಮಾರುಕಟ್ಟೆಯ ಗಂಧವೇ ಇಲ್ಲವೆಂದು ಆಮೇಲೆ ತಿಳಿಯಿತು. ಆ ವಾರ ಬೆಲೆ ಬೀಳುತ್ತದೆಂದು ಊಹಿಸಿದ ಯಜಮಾನರು ದಾಸ್ತಾನನ್ನೆಲ್ಲ ಮಾರಿ ನೆಮ್ಮದಿಯಾಗಿ ಕೂತಿದ್ದರು. ಕೆಂಚ ಗೊರಕೆ ಹೊಡೆದದ್ದು ಆ ನೆಮ್ಮದಿಯನ್ನು.

ಯಜಮಾನರು ಎಂದರೆ ಶಿವಮಲ್ಲಪ್ಪನವರು. ಹಣೆಯಲ್ಲಿ ವಿಭೂತಿ, ಹೆಗಲ ಮೇಲೆ ಟವೆಲು, ನಡುವೆ ಒಂದು ಮುಖ. ಭಾನುವಾರದ ಬ್ಯಾಂಕಿನ ಹಾಗೆ ಮುಚ್ಚಿದ ಮುಖ ಅದು. ಒಳಗೆ ಎಷ್ಟಿದೆ, ಏನಿದೆ ಎಂದು ಹೊರಗೆ ನಿಂತವನಿಗೆ ಗೊತ್ತಾಗದು. ಸಂಬಳ ಹೆಚ್ಚಿಸಿ ಎಂದು ನಾನು ಕೇಳಿದಾಗಲೂ ಅದೇ ಮುಖ. ಕೇಳಿಸಿತೋ ಇಲ್ಲವೋ, ಈವರೆಗೂ ಇತ್ಯರ್ಥವಾಗಿಲ್ಲ. ನಮ್ಮ ಮಂಡಿಯ ಹಳಬರು ಆಗಲೂ ಟವೆಲಿನ ಕೆಳಗೆ ಬೆರಳು ಹಿಡಿದೇ ಬೆಲೆ ಮಾತಾಡುತ್ತಿದ್ದರು. ಸುತ್ತ ನಿಂತವರಿಗೆ ಕೈ ಕಾಣಬಾರದು, ಎದುರಿನವನಿಗೆ ಮನಸ್ಸು ಕಾಣಬಾರದು. ಆ ವಿದ್ಯೆಯಲ್ಲಿ ಶಿವಮಲ್ಲಪ್ಪನವರನ್ನು ಮೀರಿಸಿದವರು ತಾಲ್ಲೂಕಿನಲ್ಲೇ ಇರಲಿಲ್ಲ. ಅವರು ಮರೆತದ್ದು ಒಂದೇ. ಟವೆಲಿನ ಕೆಳಗೆ ಬೆರಳಿತ್ತು, ಬೆಂಚಿನ ಕೆಳಗೆ ಕೆಂಚ ಇತ್ತು.

ಬಂಡೀಪುರದ ಕಾಡಿನ ರಸ್ತೆಯನ್ನು ರಾತ್ರಿ ಹೊತ್ತು ಮುಚ್ಚಿದ ವರ್ಷ ಅದು. ಕೇರಳದ ಲಾರಿಗಳು ಸಂಜೆಯೊಳಗೆ ಗೇಟು ದಾಟದಿದ್ದರೆ ಬೆಳಗಿನವರೆಗೆ ಅಲ್ಲೇ ನಿಲ್ಲಬೇಕು. ಆನೆಗಳಿಗೆ ನಿದ್ದೆ ಬಂತು, ಟೊಮ್ಯಾಟೊ ವ್ಯಾಪಾರಿಗಳಿಗೆ ಹೋಯಿತು. ಶಿವಮಲ್ಲಪ್ಪನವರು ಮಾತ್ರ, "ಏನಾಯ್ತದೆ, ಬೆಳಿಗ್ಗೆ ಓಯ್ತದೆ" ಎಂದು ಹೇಳಿ ಬೀಡಾ ಮಡಿಸುತ್ತಿದ್ದರು. ಬೆಂಚಿನ ಕೆಳಗೆ ಕೆಂಚ ತನ್ನ ಬಲ ಮುಂಗಾಲನ್ನು ರೋಮ ಉದುರುವಂತೆ ನೆಕ್ಕುತ್ತಿತ್ತು.

ಓಣಂ ಹತ್ತಿರ ಬಂದಾಗ ಸುಲ್ತಾನ್ ಬತ್ತೇರಿಯಿಂದ ಖರೀದಿಗೆ ಬರುವ ಕೋಯಾ ಎಂಬವನು ಟವೆಲಿನೊಳಗೆ ಕೈಯಿಟ್ಟು, ಕಣ್ಣನ್ನು ಮಾತ್ರ ಕೆಳಗಿಟ್ಟುಕೊಂಡು ಕೂತ. ಯಜಮಾನರು ಬೆರಳು ಒತ್ತಿದರು. ಕೋಯಾ ಕೈ ಹಿಂದಕ್ಕೆಳೆದುಕೊಂಡ.

"ಮಲ್ಲಪ್ಪಣ್ಣಾ, ನಿಮ್ಮ ಕೈ ಹೇಳುವುದು ಒಂದು ರೇಟು, ನಾಯಿ ಹೇಳುವುದು ಬೇರೆ ರೇಟು. ನಾನು ನಾಯಿಯದ್ದು ಕೊಡುತ್ತೇನೆ."

ಇಡೀ ಮಂಡಿ ನಕ್ಕಿತು. ಯಜಮಾನರ ಮುಖ ಹಾಗೇ ಇತ್ತು. ಕೆಂಚ ಎಡಗಾಲನ್ನೂ ನೆಕ್ಕಲು ಶುರುಮಾಡಿತು.

ಅಷ್ಟರಲ್ಲಿ ಬಲಗಾಲು ಹಸಿ ಹುಣ್ಣಾಗಿ ಕೀವು ತುಂಬಿತ್ತು. ಅದನ್ನು ಪಶುವೈದ್ಯರ ಬಳಿ ಹೊತ್ತೊಯ್ಯುವ ಕೆಲಸ ಗುಮಾಸ್ತನಿಗೇ ಬಿತ್ತು; ನೇಮಕದ ವೇಳೆ ನನಗೆ ಲೆಕ್ಕ ಬರುತ್ತದೆಯೇ ಎಂದು ಮಾತ್ರ ಕೇಳಿದ್ದರು. ಯಜಮಾನರೂ ಜೊತೆಗೆ ಬಂದರು. ಡಾಕ್ಟರು ಕಾಲು ತಿರುಗಿಸಿ ನೋಡಿ, "ಇದು ಚರ್ಮದ ಕಾಯಿಲೆ ಅಲ್ಲ. ನೆಕ್ಕಿ ನೆಕ್ಕಿ ತಾನೇ ಮಾಡಿಕೊಂಡಿದೆ. ಹೀಗೇ ಬಿಟ್ಟರೆ ಕಾಲು ತೆಗೀಬೇಕಾಗುತ್ತೆ. ಮನೆಯಲ್ಲಿ ಯಾರಿಗಾದರೂ ಟೆನ್ಷನ್ನಾ?" ಎಂದರು.

"ನಮ್ ಮನೇಲಿ ಯಾರ್ಗೂ ಏನೂ ಇಲ್ಲ," ಎಂದರು ಶಿವಮಲ್ಲಪ್ಪನವರು, ಬಹಳ ಶಾಂತವಾಗಿ.

ಮೇಜಿನ ಮೇಲೆ ನಾಯಿ ನೆಕ್ಕಲು ಬಾಗಿತು. ಡಾಕ್ಟರು ನಾಯಿಯನ್ನು ನೋಡಿದರು, ಯಜಮಾನರನ್ನು ನೋಡಿದರು, ಮುಲಾಮು ಬರೆದುಕೊಟ್ಟರು. "ನಾಯಿಗಳು ಸಾಕಿದವರನ್ನು ನೋಡಿಕೊಂಡೇ ಬದುಕೋದು. ಇದಕ್ಕೆ ಔಷಧಿ ಇದೆ. ನಿಮಗೆ ಬೇಕಾದರೆ ಬೇರೆ ಡಾಕ್ಟರ ಹತ್ತಿರ ಹೋಗಿ."

ಮನೆಯಲ್ಲಿ ಯಜಮಾನತಿ ಚಿಕ್ಕಮಲ್ಲಮ್ಮ ಈ ಸುದ್ದಿ ಕೇಳಿ ಆಶ್ಚರ್ಯವನ್ನೇ ಪಡಲಿಲ್ಲ. "ಇವ್ರು ಬಾಯಿ ಬುಡದೇ ಇಲ್ವಲ್ಲ. ಸಾರಿಗೆ ಉಪ್ಪಿಲ್ಲ ಅಂತಾನೂ ಅನ್ನಕಿಲ್ಲ. ಇವತ್ತು ಮಾತಾಡ್ಸ್ಬೋದಾ ಬ್ಯಾಡ್ವಾ ಅಂತ ನಾನು ನಾಯಿ ತಟ್ಟೆ ನೋಡ್ಕಂಡೇ ತಿಳ್ಕಳದು," ಎಂದರು ನನಗೆ ಕಾಫಿ ಕೊಡುತ್ತ.

ಕಡೆಗೆ ಕೆಂಚನನ್ನು ಉಡಿಗಾಲದಲ್ಲಿದ್ದ ಯಜಮಾನರ ತಂಗಿ ಪುಟ್ಟಮಾದಮ್ಮನ ಮನೆಗೆ ಕಳಿಸಿದ್ದಾಯಿತು. ಪುಟ್ಟಮಾದಮ್ಮನ ಮನಸ್ಸಿನಿಂದ ಬಾಯಿಗೆ ಹೊರಟ ಮಾತಿಗೆ ದಾರಿಯಲ್ಲಿ ಎಲ್ಲೂ ಸ್ಟಾಪಿರಲಿಲ್ಲ. ಕೋಳಿಯನ್ನು ಬೈದು, ನಲ್ಲಿಯನ್ನು ಬೈದು, ಬಸ್ಸು ತಡವಾದರೆ ಸರ್ಕಾರವನ್ನು ಬೈದು, ಮರುಗಳಿಗೆಗೆ ಎಲ್ಲವನ್ನೂ ಮರೆತು ಎಲೆಯಡಿಕೆ ಹಾಕುವವಳು. ಆ ಗದ್ದಲದಲ್ಲಿ ಕೆಂಚ ಚೆನ್ನಾಗಿ ನಿದ್ದೆ ಮಾಡಿತಂತೆ. ಗಾಯ ಒಣಗಿ ಹೊಸ ಕೂದಲು ಬಂತಂತೆ.

ಇತ್ತ ಮಂಡಿಯಲ್ಲಿ ಯಜಮಾನರ ಮೊಣಕಾಲು ಕುಣಿಯಲು ಶುರುವಾಯಿತು. ಮುಖ ಅದೇ, ಕಾಲು ಮಾತ್ರ ಹೊಲಿಗೆ ಮೆಷಿನ್ನು. ಇಡ್ಲಿ ತಿನ್ನುವಾಗ ಒಂದು ತುಂಡು ಮುರಿದು ಬೆಂಚಿನ ಕೆಳಗೆ ಹಿಡಿಯುವುದು, ಯಾರೂ ಬಾಯಿ ಹಾಕದಿದ್ದಾಗ ಮತ್ತೆ ತಟ್ಟೆಗೇ ಇಡುವುದು. ಕೋಯಾ ಬಂದು ಕೂತು, "ನಾಯಿ ಇಲ್ಲದಿದ್ದರೂ ತೊಂದರೆ ಇಲ್ಲ, ಕಾಲು ಇದೆ" ಎಂದ. ಅವನು ಹೋದ ಮೇಲೆ ಯಜಮಾನರು ನನ್ನ ಕಡೆ ತಿರುಗಿದರು. "ಲೇ ಸಾಗರ, ಬೈಕ್ ತಗಿ. ಉಡಿಗಾಲಕ್ಕೋಗನ. ಆ ನಾಯಿ ಕರ್ಕೊಬರನ."

ನಾವು ಹೋದಾಗ ಕೆಂಚ ಪುಟ್ಟಮಾದಮ್ಮನ ಜಗುಲಿಯ ಮೇಲೆ ಗೌಡಿಕೆ ಮಾಡುತ್ತ ಬಿದ್ದಿತ್ತು. ಯಜಮಾನರನ್ನು ಕಂಡದ್ದೇ ಮೈಯೆಲ್ಲ ಬಾಲ ಮಾಡಿಕೊಂಡು ಓಡಿಬಂದು ಎದೆಗೆ ಕಾಲು ಕೊಟ್ಟಿತು. ವಿಭೂತಿಯನ್ನೂ ನೆಕ್ಕಿತು. ಅವರು ಅದರ ಕಿವಿ ಹಿಡಿದುಕೊಂಡು ನಿಂತರು. ಆಗಲೂ ಮುಖದಲ್ಲಿ ಏನೂ ಇರಲಿಲ್ಲ ಎಂದು ಬರೆಯಬೇಕು. ನಾನು ಬೈಕಿನ ಕಡೆ ನೋಡುತ್ತಿದ್ದೆ.

ಜಗುಲಿಯ ಮೇಲೆ ಕೂತದ್ದೇ ಯಜಮಾನರ ಮೊಬೈಲು ಹೊಡೆದುಕೊಂಡಿತು. ಬೀನ್ಸು ತುಂಬಿದ ಲಾರಿಯೊಂದು ಗೇಟಿಗೆ ತಡವಾಗಿ ಹೋಗಿ ನಿಂತುಬಿಟ್ಟಿದೆಯಂತೆ. "ಆಗ್ಲಿ, ಬೆಳಿಗ್ಗೆ ಓಯ್ತದೆ ಬುಡು," ಎಂದು ಇಟ್ಟರು. ಕಾಫಿ ಲೋಟ ಕೈಗೆ ತೆಗೆದುಕೊಂಡರು. ಅವರ ಕಾಲ ಬುಡದಲ್ಲಿ ಕೆಂಚ ಮೆಲ್ಲಗೆ ಬಲ ಮುಂಗಾಲನ್ನು ಬಾಯಿಗೆ ತಂದುಕೊಂಡಿತು.

ಪುಟ್ಟಮಾದಮ್ಮ ಬಾಗಿಲಿಗೆ ಬಂದು ನಿಂತಳು. "ನೋಡಣ್ಣ. ಇಷ್ಟ್ ದಿನ ಒಂದ್ ಸಲನಾದ್ರೂ ನೆಕ್ಕಿದ್ರೆ ಕೇಳು. ನೀನ್ ಬಂದು ಕಾಫಿ ಆರಿಲ್ಲ. ನಾಯಿನೇನೋ ತಂದ್ ಬುಟ್ಟೆ, ನಮ್ಮತ್ತಿಗೇನ ಯಾವತ್ ತಂದ್ ಬುಡ್ತೀಯ?"

ಯಜಮಾನರು ನಾಯಿಯ ಬಾಯಿಂದ ಕಾಲನ್ನು ಬಿಡಿಸಿದರು. ಅದು ಮತ್ತೆ ತೆಗೆದುಕೊಂಡಿತು. ಮತ್ತೆ ಬಿಡಿಸಿದರು. ಆಮೇಲೆ ಎದ್ದು, ಟವೆಲು ಕೊಡವಿ, ಚಪ್ಪಲಿ ಮೆಟ್ಟಿಕೊಂಡರು. ನಾನು ನಾಯಿ ಕಟ್ಟಲೆಂದು ತಂದಿದ್ದ ಹಗ್ಗವನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ. ಅವರು ಬೈಕಿನ ಹಿಂದೆ ಕೂತರು. ಕೆಂಚ ಊರ ಮುಂದಿನವರೆಗೂ ಹಿಂದೆ ಓಡಿಬಂತು. "ಓಗು, ಮನೆಗೋಗು," ಎಂದು ಒಮ್ಮೆ ಹೇಳಿದರು, ತಿರುಗದೆ.

ಅದು ರಸ್ತೆಯ ನಡುವೆ ನಿಂತದ್ದು ಕನ್ನಡಿಯಲ್ಲಿ ಕಂಡಿತು. ಸಂಬಳದ ವಿಷಯ ಬಿಟ್ಟು ಅವರನ್ನು ಏನನ್ನೂ ಕೇಳುವ ಅಭ್ಯಾಸ ನನಗಿರಲಿಲ್ಲ. ಆದರೂ ಕೇಳಿಬಿಟ್ಟೆ.

"ಯಜಮಾನ್ರೆ, ನಾಯಿ ಬುಡೋ ಬದ್ಲು ಆ ದಿಗಿಲನ್ನೇ ಬುಡಬೋದಾಗಿತ್ತಲ್ವಾ?"

"ನಾಯಿ ಬುಡದು ಸಲೀಸು ಕಣ್ಲಾ," ಎಂದರು. "ರಸ್ತೆ ನೋಡ್ಕಂಡು ಓಡ್ಸು."