ಮಿಂಚು ಹಿಡಿಯಲು ಹೋಗಿ ಕೆಂಪಮ್ಮನ ಕೈಗೆ ಸಿಕ್ಕಿದ್ದು

"ಯಾವ ರೋಡಿಗೆ ಅಳೀತಾ ಇದ್ದೀಯವ್ವಾ?"

ಕತ್ತಲಲ್ಲಿ ಬೆನ್ನ ಹಿಂದಿನಿಂದ ಈ ಪ್ರಶ್ನೆ ಬಂದಾಗ ನಾನು ಏನನ್ನೂ ಅಳೆಯುತ್ತಿರಲಿಲ್ಲ. ಆಕಾಶ ನೋಡುತ್ತಿದ್ದೆ. ತಿರುಗಿದರೆ ವಯಸ್ಸಾದ ಒಬ್ಬ ಹೆಂಗಸು. ಸೊಂಟಕ್ಕೆ ಸಿಕ್ಕಿಸಿದ ಸೆರಗು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ದೊಣ್ಣೆ.

ಮುಂಗಾರಿಗೆ ಮುಂಚಿನ ಮಳೆ ಶುರುವಾದರೆ ನನಗೆ ಮಿಂಚಿನ ಫೋಟೊ ತೆಗೆಯುವ ಹುಚ್ಚು ಕೆರಳುತ್ತದೆ. (ನನ್ನ ಉಳಿದ ಹುಚ್ಚುಗಳು ನಿಮಗೆ ಗೊತ್ತೇ ಇವೆ. ಈಗ ಅವೆಲ್ಲ ಬೇಡ.) ರಾಮನಗರದ ನಮ್ಮ ಟೆರೇಸಿನಿಂದ ತೆಗೆದರೆ ಫೋಟೊದಲ್ಲಿ ಮಿಂಚಿಗಿಂತ ಕೇಬಲ್ ವೈರುಗಳೇ ಜಾಸ್ತಿ. ಹಾಗಾಗಿ ಕಳೆದ ವಾರ, ಕನಕಪುರದ ನೆಂಟರ ಮನೆಯಿಂದ ಹಾರೋಹಳ್ಳಿ ಕಡೆ ಬರುವಾಗ ದೂರದ ಗುಡ್ಡದ ಮೇಲೆ ಪಳಪಳ ಹೊಳೆದದ್ದೇ, "ಕಾರು ನಿಲ್ಲಿಸ್ರೀ" ಎಂದೆ.

ನಮ್ಮವರು ನಿಲ್ಲಿಸಿದರು. ಇಳಿಯಲಿಲ್ಲ. ಕಾರಿನೊಳಗೆ ಕೂತವರಿಗೆ ಸಿಡಿಲು ಏನೂ ಮಾಡುವುದಿಲ್ಲವೆಂದು ಯಾವುದೋ ವಿಡಿಯೊದಲ್ಲಿ ನೋಡಿದ್ದರಂತೆ. "ನೀನು ತೆಗಿ, ನಾನು ಇಲ್ಲಿಂದ್ಲೇ ಸಪೋರ್ಟ್ ಮಾಡ್ತೀನಿ" ಎಂದು ಗಾಜು ಏರಿಸಿಕೊಂಡರು. ಮದುವೆಯಾದಾಗಿನಿಂದಲೂ ಅವರ ಸಪೋರ್ಟು ಇದೇ ಥರದ್ದು.

ರಸ್ತೆ ಪಕ್ಕದ ಹಿಪ್ಪುನೇರಳೆ ತೋಟದ ಅಂಚಿನಲ್ಲಿ ಟ್ರೈಪಾಡ್ ನಿಲ್ಲಿಸಿ, ಕ್ಯಾಮೆರಾ ಕೂರಿಸಿದೆ. ಮಿಂಚು ಕಂಡ ಮೇಲೆ ಕ್ಲಿಕ್ ಮಾಡಿದರೆ ಸಿಗುವುದು ಬರೀ ಕತ್ತಲು. ಶಟರ್ ತೆರೆದಿಟ್ಟು ಸುಮ್ಮನೆ ಕಾಯಬೇಕು. ಕಾಯುತ್ತಿದ್ದೆ. ಬಂದದ್ದು ಕೆಂಪಮ್ಮ. (ಹೆಸರು ಆಮೇಲೆ ಗೊತ್ತಾಯಿತು. ಆಗ ಕಂಡದ್ದು ದೊಣ್ಣೆ ಮಾತ್ರ.)

"ಅಳೀತಿಲ್ಲಮ್ಮಾ, ಮಿಂಚಿನ ಫೋಟೊ ತೆಗೀತಿದ್ದೀನಿ."

"ಯಾಕೆ, ನಿಮ್ಮೂರಲ್ಲಿ ಮಿಂಚಾಕಿಲ್ವಾ?"

ನಾನು ಕ್ಯಾಮೆರಾ ಕಡೆ ಕೈ ತೋರಿಸಿದೆ. ಅವರು ನೋಡಿದ್ದು ಅದರ ಕೆಳಗಿನ ಮೂರು ಕಾಲುಗಳನ್ನು.

"ಸುಳ್ ಹೇಳ್ಬ್ಯಾಡ ಕಣವ್ವ. ಹೋದ್ ಸಲಾನೂ ಇಂಗೇ ಮೂರ್ ಕಾಲಿಂದು ತಂದು ನಿಲ್ಸುದ್ರು. ಸುಮ್ನೆ ನೋಡ್ತಾ ಇದೀವಿ ಅಂದ್ರು. ಆಮ್ಯಾಕ್ ನೋಡುದ್ರೆ ರೋಡಿಗೆ ಜಾಗ ಅಂತ ನಮ್ ಹೊಲದ್ ಬದೀನ ಕಲ್ಲಿಗೆ ಕೆಂಪು ಬಣ್ಣ ಬಳ್ದು ಹೋಗವ್ರೆ! ಹಗ್ಲೊತ್ತು ಬಂದ್ರೆ ಬಯ್ತಾಳೆ ಅಂತ ಈಗ ಕತ್ಲಲ್ಲಿ ಬಂದ್ಬುಟ್ರಾ?"

ಹೇಳುತ್ತಲೇ ಕ್ಯಾಮೆರಾಗೂ ತೋಟಕ್ಕೂ ನಡುವೆ ಬಂದು, ಎರಡೂ ಕೈ ಚಾಚಿ ನಿಂತುಬಿಟ್ಟರು. ಅದೇ ಕ್ಷಣಕ್ಕೆ ಇಡೀ ಆಕಾಶ ಬೆಳಗಿತು. ಹಿಂದೆಯೇ ಎದೆ ನಡುಗಿಸುವ ಗುಡುಗು. ದೂರದಲ್ಲಿದ್ದ ಮಳೆ ಯಾವಾಗಲೋ ನಮ್ಮ ತಲೆಯ ಮೇಲಕ್ಕೇ ಬಂದಿತ್ತು.

"ಮೊದ್ಲು ಒಳೀಕ್ ಬನ್ನಿ! ನಮ್ ಹೊಲ್ದಾಗೆ ಸತ್ತೋದ್ರೆ ಅದ್ಕೂ ನಾನೇ ಉತ್ರ ಹೇಳ್ಬೇಕು. ಕಾಫಿ ಕುಡ್ದು ಹೋಗೀರಂತೆ."

ಸಿಡಿಲಿಗೆ ಹೆದರಿ ಕಾರಿನಲ್ಲೇ ಕೂತಿದ್ದವರು 'ಕಾಫಿ' ಎಂಬ ಎರಡಕ್ಷರ ಕೇಳಿದ್ದೇ ನನಗಿಂತ ಮೊದಲು ಕೆಂಪಮ್ಮನ ಮನೆಯ ಜಗಲಿ ಹತ್ತಿದ್ದರು. (ಗಾಜು ಏರಿಸಿದ್ದರೂ ಅದು ಹೇಗೆ ಕೇಳಿಸಿತೋ!)

ನಾನು ಸರ್ವೆಯವಳಲ್ಲವೆಂದು ಸಾಬೀತು ಮಾಡಲು ಕ್ಯಾಮೆರಾ ಸ್ಕ್ರೀನ್ ತೋರಿಸಿದೆ. ತೋರಿಸಿದವಳೇ ದಂಗಾದೆ. ನೆತ್ತಿಯಿಂದ ಗುಡ್ಡದವರೆಗೆ ಕವಲೊಡೆದ ಮಿಂಚು. ಅದರ ಕೆಳಗೆ ದೊಣ್ಣೆ ಹಿಡಿದ ಕೈ ಚಾಚಿ, ತೋಟಕ್ಕೆ ಅಡ್ಡ ನಿಂತ ಕೆಂಪಮ್ಮ. ಇಷ್ಟು ವರ್ಷದಲ್ಲಿ ನಾನು ತೆಗೆದ ಅತ್ಯುತ್ತಮ ಫೋಟೊ ಅದು. ತೆಗೆದೆ ಎನ್ನುವುದೂ ಸುಳ್ಳು, ಕ್ಯಾಮೆರಾ ತನ್ನ ಪಾಡಿಗೆ ತಾನೇ ತೆಗೆದುಕೊಂಡಿತ್ತು.

ಕೆಂಪಮ್ಮ ಕಣ್ಣು ಕಿರಿದು ಮಾಡಿ ನೋಡಿದರು.

"ಸಿಡ್ಲು ಚಂದಾಗ್ ಬಂದೈತೆ. ನಾನು ಒಸಿ ದಪ್ಪ ಬಂದ್ಬುಟ್ಟಿವ್ನಿ. ಇನ್ನೊಂದ್ ತೆಗಿ."

ಒಳಗೆ ಹೋಗಿ ರೇಷ್ಮೆ ಸೀರೆ ಉಟ್ಟು, ತಲೆ ಬಾಚಿ, ದೊಣ್ಣೆ ಸಮೇತ ಜಗಲಿಯ ಕಂಬದ ಪಕ್ಕ ನಿಂತರು. ಕಾದೆವು. ಮಿಂಚಿಲ್ಲ! ಬರೀ ಮಳೆ.

"ಬರಾಕ್ ಹೇಳವ್ವ."

"ನಾನು ಹೇಳಿದ್ರೆ ಬರಲ್ಲಮ್ಮಾ ಅದು."

"ಮತ್ತೆ ಮಿಂಚಿನ್ ಫೋಟೊದವ್ಳು ಅಂದೆ?"

ನಮ್ಮವರು ಲೋಟ ಅಡ್ಡ ಹಿಡಿದು ನಕ್ಕರು. ಅವರ ಸಪೋರ್ಟು!

ಮಳೆ ನಿಂತಿತು. ಮೊದಲಿನ ಫೋಟೊವನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕೊಡುತ್ತೇನೆಂದು ಮಾತು ಕೊಟ್ಟು ಹೊರಟೆವು. ಕಾರು ಹತ್ತುವ ಮುಂಚೆ ನಮ್ಮವರು ತಡೆಯಲಾರದೆ ಕೇಳಿದರು: "ಅಂಥಾ ಸಿಡಿಲಲ್ಲಿ ಬಯಲಿಗೆ ಬಂದು ನಿಂತ್ರಲ್ಲಮ್ಮಾ, ಭಯ ಆಗ್ಲಿಲ್ವಾ?"

ಕೆಂಪಮ್ಮ ನನ್ನ ಹೆಗಲ ಮೇಲಿದ್ದ ಟ್ರೈಪಾಡನ್ನೇ ನೋಡುತ್ತ ಹೇಳಿದರು: "ಸಿಡ್ಲು ಬಿದ್ರೆ ಒಂದ್ ಮರ ಹೋಯ್ತದೆ ಕಣಪ್ಪ. ಇದು ಬಂದ್ ನಿಂತ್ರೆ ಹೊಲಾನೇ ಹೋಯ್ತದೆ."