ಸಾಸೇಜಿನ ಪಕ್ಕದ ಬಟಾಟೆ

ನಾನು ನರ್ಸು. ಸೂಜಿ ಹಿಡಿದಾಗ ನನ್ನ ಕೈ ನಡುಗಿದ್ದಿಲ್ಲ. ಆದರೆ ಒಂದು ಬೋಗುಣಿ ಬಟಾಟೆ ನನ್ನನ್ನು ಹೆದರಿಸಿದಷ್ಟು ಬಹರೈನಿನ ಇಷ್ಟು ವರ್ಷಗಳಲ್ಲಿ ಬೇರೆ ಯಾವುದೂ ಹೆದರಿಸಿಲ್ಲ.

ಉಮ್ ಅಲ್ ಹಸ್ಸಮ್‌ನಲ್ಲಿ ನಮ್ಮದು ಹಳೆಯ ಕಟ್ಟಡ. ಎದುರು ಬಾಗಿಲಿನವಳು ಮಂಗಳೂರು ಕಡೆಯ ಬ್ಯಾರಿ ಮುಸ್ಲಿಂ ಹೆಂಗಸು, ನಾವು ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು. ಅವಳ ಗಂಡನಿಗೆ ಸೌದಿಯಲ್ಲಿ ಕೆಲಸ. ಶುಕ್ರವಾರ ಮಧ್ಯಾಹ್ನದ ಊಟ ಎರಡು ಮನೆಯವರಿಗೂ ನಮ್ಮ ಮೇಜಿನಲ್ಲೇ. ಅವಳಿಗಾಗಿ ನಾನು ಬೇರೆ ಬಾಣಲೆ, ಬೇರೆ ತಟ್ಟೆ ಇಟ್ಟಿದ್ದೇನೆ. ಅದರಲ್ಲಿ ನಾವು ಹಂದಿ ಬೇಯಿಸುವುದಿಲ್ಲ, ತಿನ್ನುವುದೂ ಇಲ್ಲ. ಅವಳು ಕೇಳಿದ್ದಲ್ಲ, ನಾನೇ ಮಾಡಿಕೊಂಡ ನೇಮ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ನನ್ನ ಗಂಡ ಹೋಟೆಲಿನ ಅಡುಗೆಯವರು. ಅವರ ಜರ್ಮನ್ ಶೆಫ್ ಊರಿಗೆ ಹೊರಟಾಗ, ಸೂಪರ್ ಮಾರ್ಕೆಟ್ಟಿನಲ್ಲಿ ಮುಸ್ಲಿಮರಲ್ಲದವರಿಗೆಂದೇ ಇರುವ ಕೋಣೆಯಿಂದ ಒಂದು ಕಟ್ಟು ಹಂದಿ ಸಾಸೇಜು, ಬೇಕನ್ ಎನ್ನುವ ಉಪ್ಪು ಸವರಿದ ಹಂದಿ ಮಾಂಸದ ಒಂದು ತುಂಡು ತಂದು ಇವರ ಕೈಗಿತ್ತು ಹೋದರಂತೆ. ಆ ಶುಕ್ರವಾರವೇ ಮಾಡಬೇಕೆಂದು ಇವರು ಹಟ ಹಿಡಿದರು. ನಾನು ಎದುರು ಬಾಗಿಲಿಗೆ ಹೋಗಿ ಮೊದಲೇ ಹೇಳಿದೆ.

"ನಿಮ್ಮದು ನೀವು ತಿನ್ನಿ ಅಕ್ಕಾ, ನಮಗೆ ಬೇರೆ ಮಾಡಿದ್ರಾಯ್ತು. ನೀವು ನೋಡಿಕೊಳ್ತೀರಲ್ಲ, ನನಗೆಂತ ಹೆದರಿಕೆ?" ಎಂದಳು.

ಅವಳಿಗೂ ಅವಳ ತಾಯಿ, ಉಮ್ಮನಿಗೂ ಹಲಾಲ್ ಚಿಕನ್ ಸಾಸೇಜು ತಂದೆ. ಉಮ್ಮ ಊರಿನಿಂದ ವಿಸಿಟ್ ವೀಸಾದಲ್ಲಿ ಬಂದಿದ್ದರು. ಹಿಂದಿನ ವಾರವಷ್ಟೇ ಸೌದಿಯ ಸೇತುವೆ ದಾಟಿ ಬಸ್ಸಿನಲ್ಲಿ ಮೆಕ್ಕಾಕ್ಕೆ ಉಮ್ರಾ ಯಾತ್ರೆ ಹೋಗಿ ಬಂದು, ಇನ್ನು ಸತ್ತರೂ ಚಿಂತೆ ಇಲ್ಲ ಎನ್ನುತ್ತಿದ್ದರು.

ಸಾಸೇಜನ್ನು ಕುದಿಸಬಾರದು, ಕುದಿಸಿದರೆ ಒಡೆಯುತ್ತದೆ ಎಂದು ಗಂಡ ಪಾಠ ಶುರು ಮಾಡಿದರು. ಬಿಸಿ ನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಬಾಣಲೆಯಲ್ಲಿ ಹೊರಳಿಸಿ ಕೆಂಪಗೆ ಮಾಡಬೇಕಂತೆ. ನಾನು ಎರಡು ಒಲೆ, ಎರಡು ಬಾಣಲೆ, ಎರಡು ಇಕ್ಕಳ ಇಟ್ಟುಕೊಂಡು ಆಪರೇಷನ್ ಥಿಯೇಟರಿನಲ್ಲಿ ನಿಂತಷ್ಟು ಜಾಗ್ರತೆಯಿಂದ ನಿಂತಿದ್ದೆ. ಇವರು ಪಕ್ಕದಲ್ಲಿ ಬೇಕನ್ ಕರಗಿಸಿ, ಆ ಬಿಸಿ ಕೊಬ್ಬಿಗೆ ವಿನೆಗರು, ಸಾಸಿವೆ ಪೇಸ್ಟು ಸೇರಿಸಿ, ಬೇಯಿಸಿದ ಬಟಾಟೆಯ ಮೇಲೆ ಸುರಿದರು. ನನ್ನ ಕಣ್ಣೆದುರೇ ಸುರಿದರು. ಪರಿಮಳ ಚೆನ್ನಾಗಿದೆ ಎಂದು ನಾನೇ ಹೇಳಿದೆ.

ನಮ್ಮಲ್ಲಿ ಹಂದಿ ಎಂದರೆ ಅದು ತನ್ನದೇ ಪಾತ್ರೆಯಲ್ಲಿ ಕೂತಿರುವ ಒಂದು ಪದಾರ್ಥ. ಬಟಾಟೆ ಎಂದರೆ ಪಲ್ಯ, ಪಲ್ಯ ಎಲ್ಲರಿಗೂ. ಹುಟ್ಟಿದಾಗಿನಿಂದ ತಲೆಯಲ್ಲಿ ಕೂತ ಲೆಕ್ಕ ಅದು; ಈ ಬಟಾಟೆಯೂ ಹಂದಿಯ ಲೆಕ್ಕಕ್ಕೆ ಸೇರಿತೆಂದು ಹೊಳೆಯಲೇ ಇಲ್ಲ. ಇವರು ಸ್ನಾನಕ್ಕೆ ಹೋದರು. ನಾನು ಸಾಸೇಜುಗಳನ್ನು ಮೇಜಿನ ಎರಡು ತುದಿಗೆ ಇಟ್ಟು, ಬಟಾಟೆಯ ಬೋಗುಣಿಯನ್ನು ನಡುವೆ ಇಟ್ಟೆ.

ಅವರಿಬ್ಬರೂ ಬಂದು ಕೂತರು. ಉಮ್ಮನಿಗೆ ಹಲ್ಲು ಕಡಿಮೆ. ಸಾಸೇಜು ಬಿಟ್ಟು ಮೆತ್ತಗಿನ ಬಟಾಟೆಯನ್ನೇ ತಿಂದರು. ನಾನೇ ಎರಡನೇ ಸಲ ಬಡಿಸಿದೆ. ಅವರ ಮಗಳು ತನಗೆ ಹುಳಿ ಆಗುವುದಿಲ್ಲವೆಂದು ಮುಟ್ಟಿರಲಿಲ್ಲ. ಆಗ ಗಂಡ ತಲೆ ಒರೆಸಿಕೊಳ್ಳುತ್ತ ಬಂದವರು ಉಮ್ಮನ ತಟ್ಟೆ ನೋಡಿ, ನನ್ನನ್ನು ಅಡುಗೆಮನೆಗೆ ಕರೆದರು.

"ಆ ಬಟಾಟೆ ಅವರಿಗೂ ಹಾಕಿದ್ಯಾ? ಅದ್ರಲ್ಲಿ ಬೇಕನ್ ಉಂಟಲ್ಲ ಮಾರಾಯ್ತಿ!"

ಓಡಿ ಹೋಗಿ ಬೋಗುಣಿ ಎತ್ತಿದೆ, ಉಮ್ಮನ ಮುಂದಿನ ತಟ್ಟೆಯನ್ನೂ ಎಳೆದೆ. "ಬೇಡ ಉಮ್ಮಾ, ಹಾಳಾಗಿದೆ" ಎಂದೆ.

"ಒಳ್ಳೇದುಂಟಲ್ಲ ಮಗಾ!" ಎಂದರು ಉಮ್ಮ.

ಎರಡು ದಿನ ನಾನು ಎದುರು ಬಾಗಿಲಿನ ಸದ್ದಿಗೆ ಕಿವಿ ಕೊಟ್ಟು ಬದುಕಿದೆ. ಉಮ್ಮ ಕೆಮ್ಮಿದರೂ ಹೆದರಿಕೆ, ಕೆಮ್ಮದಿದ್ದರೂ ಹೆದರಿಕೆ. ಹೇಳಬೇಡ, ಗೊತ್ತಾಗದ್ದು ಗೊತ್ತಾಗದೇ ಇರಲಿ ಎಂದರು ಗಂಡ. ಇವರ ಮೇಲೆ ಕೂಗಾಡಿದೆ. ತಪ್ಪು ನನ್ನದೇ ಎಂದು ಗೊತ್ತಿದ್ದರಿಂದ ಇನ್ನಷ್ಟು ಕೂಗಾಡಿದೆ. ಆಸ್ಪತ್ರೆಯಲ್ಲಿ ಮದ್ದು ತಪ್ಪಿ ಕೊಟ್ಟರೆ ತಕ್ಷಣ ಹೇಳಬೇಕು, ಅದು ನನ್ನ ಕೆಲಸದ ನಿಯಮ. ಆದರೆ ಹೇಳಿದರೆ ಅವಳು ನನ್ನ ಹೊಸ್ತಿಲು ತುಳಿಯುತ್ತಾಳೆಯೇ? ಈ ದೇಶದಲ್ಲಿ ಜ್ವರ ಬಂದರೆ ನನಗೆ ಗಂಜಿ ತಂದುಕೊಡುವವಳು ಅವಳೊಬ್ಬಳು.

ಭಾನುವಾರ ಡ್ಯೂಟಿ ಮುಗಿಸಿ ಬಂದವಳು ಯೂನಿಫಾರ್ಮಿನಲ್ಲೇ ಅವಳ ಬಾಗಿಲು ತಟ್ಟಿ, ಹೊರಗೆ ನಿಂತೇ ಎಲ್ಲ ಹೇಳಿದೆ. ಅವಳು ಮೊದಲು ಹಿಂದಕ್ಕೆ ತಿರುಗಿ ಒಳಗೆ ನೋಡಿದಳು. ಉಮ್ಮ ನಮಾಜಿಗೆ ಕೂತಿದ್ದರು.

"ನೀವು ಹೇಳಬಾರದಿತ್ತು ಅಕ್ಕಾ," ಎಂದಳು ಮೆಲ್ಲಗೆ. "ಗೊತ್ತಿಲ್ಲದೆ ತಿಂದದ್ದು ಉಮ್ಮನಿಗೆ ಪಾಪ ಅಲ್ಲ. ಈಗ ನನಗೆ ಗೊತ್ತಾಯ್ತಲ್ಲ, ನಾನೆಂತ ಮಾಡ್ಲಿ?"

ಬಾಗಿಲು ಮುಚ್ಚಿತು. ಆಮೇಲೆ ಎರಡು ಶುಕ್ರವಾರ ಅವರು ಬರಲಿಲ್ಲ. ನನ್ನ ಹೆದರಿಕೆಯನ್ನು ಇಳಿಸಿಕೊಳ್ಳಲು ಹೋಗಿ ಅವಳ ತಲೆಗೆ ಹೊರಿಸಿ ಬಂದೆನಲ್ಲ ಎಂದು ಅತ್ತೆ.

ಉಮ್ಮ ಊರಿಗೆ ಹೊರಡುವ ಹಿಂದಿನ ದಿನ ಅವಳೇ ಬಂದಳು. ಮುಖ ನೋಡದೆ ಹೇಳಿದಳು, "ಉಮ್ಮನಿಗೆ ಆ ಬಟಾಟೆ ಬೇಕಂತೆ. ನಮ್ಮಲ್ಲಿ ಬಂದು ಮಾಡಿ, ನಮ್ಮ ಪಾತ್ರೆಯಲ್ಲಿ."

ಅವಳ ಅಡುಗೆಮನೆ, ಅವಳ ಎಣ್ಣೆ, ಅವಳದೇ ಸಾಸಿವೆ. ಒಂದೊಂದು ಬಾಟಲಿಯನ್ನೂ ಅವಳೇ ಎತ್ತಿ ಕೊಟ್ಟಳು. ನಾನು ಉಪ್ಪು ಹಾಕುವಾಗಲೂ ಅವಳ ಕಣ್ಣು ನನ್ನ ಕೈಯ ಮೇಲಿತ್ತು. ನನಗೆ ಬೇಸರವಾಗಲಿಲ್ಲ, ಭಯವಾಯಿತು.

ಉಮ್ಮ ಒಂದು ತುತ್ತು ಬಾಯಿಗಿಟ್ಟು ನಿಧಾನಕ್ಕೆ ಚಪ್ಪರಿಸಿದರು.

"ಅವತ್ತಿನ ರುಚಿ ಇಲ್ಲ ಮಗಾ," ಎಂದರು ನನ್ನನ್ನು ನೋಡಿ. "ಎಂತದೋ ಹಾಕದೆ ಬಿಟ್ಟಿದ್ದಿ."

ನಾನು ಉಪ್ಪಿನ ಡಬ್ಬಿಗೆ ಕೈ ಹಾಕಿದೆ.

"ಎಂತದೂ ಬಿಟ್ಟಿಲ್ಲ ಉಮ್ಮಾ, ಹೀಗೇ ಮಾಡುವುದು," ಎಂದಳು ಮಗಳು. ಅವಳಿಗೆ ಹುಳಿ ಆಗುವುದಿಲ್ಲ; ಆದರೂ ಅದೇ ತಟ್ಟೆಯಿಂದ ಒಂದು ದೊಡ್ಡ ತುಂಡು ತೆಗೆದು ತಿಂದಳು. ಆಮೇಲೆ ನನಗೂ ಒಂದು ತಟ್ಟೆ ತಂದು ಬಡಿಸಿ, "ಕೂತುಕೊಳ್ಳಿ ಅಕ್ಕಾ" ಎಂದಳು.